ತೋಟ ಕಾಯುವ ರೇಡಿಯೊ ಅಜ್ಜ

ರೇಡಿಯೊ ರಿಪೇರಿ ಮಾಡಿಯೇ ಸಂಸಾರ ಸಾಗಿಸಿದ ಅಜ್ಜ. ಬೀದಿಯವರಿಗೆಲ್ಲ ‘ರೇಡಿಯೊ ಅಜ್ಜ’. ಒಂದು ಸ್ಕ್ರೂ ಕೂಡ ಎಸೆದವನಲ್ಲ ಅನ್ನೋ ಹೆಮ್ಮೆ ಬೇರೆ! ಮನೆಯ ಅಟ್ಟದ ತುಂಬ ಕೆಟ್ಟ ಟಿವಿ, ಹಳೇ ಫೋನು, ಗಂಟುಗಂಟಾದ ವೈರು. ಯಾರಾದರೂ ಕೇಳಿದರೆ ಒಂದೇ ಮಾತು: “ದೇವರು ಕೊಟ್ಟಿದ್ದನ್ನ ಕಾಯ್ಬೇಕು ಕಣಪ್ಪ.”

ಆ ಭಾನುವಾರ ಚರ್ಚಿನಲ್ಲಿ ಫಾದರ್ ಹೇಳಿದರು: “ಮುಂದಿನ ವಾರ ಕೆಟ್ಟ ಎಲೆಕ್ಟ್ರಾನಿಕ್ ಸಾಮಾನು ತನ್ನಿ. ಪರವಾನಗಿ ಇರೋ ಮರುಬಳಕೆ ಕೇಂದ್ರದ ಗಾಡಿ ಬರುತ್ತೆ.”

ಅಜ್ಜನ ಮುಖ ಊದಿಕೊಂಡಿತು. ಮನೆಗೆ ಬಂದವನೇ ಹಿತ್ತಲಲ್ಲಿ ವೈರು ರಾಶಿ ಹಾಕಿದ.

“ನನ್ನ ಜೀವಮಾನಾನೇ ಕಸದ ಗಾಡಿಗೆ ತುಂಬ್ತಾರಂತೆ! ಅದಕ್ಕಿಂತ ಸುಟ್ಟು ತಾಮ್ರ ತೆಗೀತೀನಿ.”

ಸೊಸೆ ಆಸ್ಪತ್ರೆಯಲ್ಲಿ ನರ್ಸು. ಓಡಿ ಬಂದು ಬೆಂಕಿಪೊಟ್ಟಣ ಕಿತ್ತುಕೊಂಡಳು.

“ಮಾವ, ಆ ಹೊಗೆ ವಿಷ. ಬೂದಿ ಮಣ್ಣಿಗೆ ಸೇರುತ್ತೆ, ಮಣ್ಣಿಂದ ಬಾವಿಗೆ.”

“ಹೋಗಮ್ಮ! ಇಷ್ಟು ವರ್ಷ ಸುಟ್ಟಿದ್ದೀನಿ, ಸತ್ತೆನಾ?”

“ಮತ್ತೆ ರಾತ್ರಿಯೆಲ್ಲ ಕೆಮ್ತೀರಲ್ಲ, ಆ ಕೆಮ್ಮು? ಅದನ್ನೂ ದೇವರೇ ಕೊಟ್ಟನಾ?”

ಅಜ್ಜ ಬಾಯಿ ತೆರೆಯುವ ಮೊದಲೇ, ಅಟ್ಟದಿಂದ ಜೋಪಾನವಾಗಿ ಇಳಿಸಿದ್ದ ಫೋನೊಂದನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ತೋರಿಸಿದಳು. ಬ್ಯಾಟರಿ ಉಬ್ಬಿ ಮುಚ್ಚಳವೇ ಮೇಲೆದ್ದಿತ್ತು.

“ಇದೂ ನಿಮ್ಮ ಹಾಗೇ ಊದ್ಕೊಂಡಿದೆ. ಇದು ಹೊತ್ಕೊಂಡ್ರೆ ಮನೆಯೇ ಹೋಗುತ್ತೆ. ಅಟ್ಟದ ಕೆಳಗೆ ಮಲಗೋದು ಯಾರು ಹೇಳಿ?”

ಮೊಮ್ಮಗಳು! ಅಜ್ಜ ತಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದ.

ಸೊಸೆಯ ದನಿ ಮೆತ್ತಗಾಯಿತು. “ಬೈಬಲಲ್ಲಿ ದೇವರು ಮೊದಲ ಮನುಷ್ಯನನ್ನ ತೋಟದಲ್ಲಿಟ್ಟು ‘ಇದನ್ನ ಕಾಯ್ಕೊಂಡಿರು’ ಅಂದ. ಕಾಯೋಕೆ ಹೇಳಿದ್ದು ತೋಟಾನ ಮಾವ, ಗುಜರೀನಲ್ಲ. ಈ ತಾಮ್ರ, ಅಲ್ಯೂಮಿನಿಯಂ ಎಲ್ಲ ಮತ್ತೆ ಹೊಸ ಸಾಮಾನಾಗುತ್ತೆ. ಕೆಟ್ಟಿದ್ದಕ್ಕೆ ಜೀವ ಕೊಡೋದು, ನೀವು ಜೀವನಪೂರ್ತಿ ಮಾಡಿದ್ದೂ ಅದೇ ತಾನೆ?”

ಅಜ್ಜ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ವೈರುಗಳನ್ನು ಸುತ್ತಿ ಚೀಲಕ್ಕೆ ತುಂಬತೊಡಗಿದ.

ಮುಂದಿನ ಭಾನುವಾರ ಚರ್ಚಿನ ಅಂಗಳದಲ್ಲಿ ಅಜ್ಜನದೇ ದರಬಾರು! “ಟ್ಯೂಬ್‌ಲೈಟ್ ಒಡೀಬೇಡಿ! ಉಬ್ಬಿದ ಬ್ಯಾಟರಿ ಚುಚ್ಚಬೇಡಿ, ಮರಳಿನ ಬಕೆಟ್ಟಲ್ಲಿ ಬೇರೆ ಇಡಿ! ಫೋನಲ್ಲಿರೋ ಫೋಟೊ ಅಳಿಸಿದ್ರಾ?” ಯಾರದೋ ಮಿಕ್ಸಿಯನ್ನು ತಿರುಗಿಸಿ ನೋಡಿ, “ಇದಿನ್ನೂ ಬದುಕಿದೆ, ರಿಪೇರಿ ಮಾಡ್ಕೊಡ್ತೀನಿ” ಎಂದು ಪಕ್ಕಕ್ಕಿಟ್ಟ.

“ಸ್ವಲ್ಪ ಕೂತ್ಕೊಳ್ಳಿ ಅಜ್ಜ,” ಅಂದರು ಫಾದರ್.

“ಕಾವಲುಗಾರ ಕೂತ್ರೆ ಆಗುತ್ತಾ ಫಾದರ್?” ಅಜ್ಜ ಎದೆಯುಬ್ಬಿಸಿದ.

ಸೊಸೆ ನಕ್ಕಳು. “ಈ ಉಬ್ಬಿನಿಂದ ಏನೂ ಅಪಾಯ ಇಲ್ಲ ಬಿಡಿ!”

ನಿಮ್ಮ ಮನೆಯ ಅಟ್ಟದಲ್ಲಿ ಏನಿದೆ? ಇವತ್ತೇ ಇಳಿಸಿ ನೋಡಿ. ಸುಡಬೇಡಿ, ಕಸದ ಜೊತೆ ಬೆರೆಸಬೇಡಿ. ರಿಪೇರಿಯಾಗುವುದನ್ನು ಬಳಸಿ, ಆಗದಿದ್ದುದನ್ನು ಪರವಾನಗಿ ಇರುವ ಮರುಬಳಕೆ ಕೇಂದ್ರಕ್ಕೇ ಕೊಡಿ. ತೋಟ ದೇವರದು, ಕಾವಲು ನಮ್ಮದು. ಬನ್ನಿ, ಎದೆಯುಬ್ಬಿಸಿ ಕಾಯೋಣ!