ಕಾರಣದ ಸಾಲು

"ಓಡಾಡಬಹುದು ಅಂತ ಬರ್ದಿದೆಯಲ್ಲಮ್ಮಾ, ಇನ್ನೇನು ನೋಡ್ತಾ ಕೂತಿದ್ದೀಯ? ಪ್ರಿಂಟ್ ತೆಗಿ, ಸಹಿ ಹಾಕ್ತೀನಿ," ಎಂದರು ಸಾಹೇಬರು, ಅವಳ ಹಿಂದೆ ನಿಂತು ಪರದೆಯತ್ತ ಬಗ್ಗಿ.

"ಅದು ಹೋದ ವರ್ಷದ ಉತ್ತರ ಸಾರ್. ಇನ್ನೂ ಓಡಿಸಿಲ್ಲ."

ಆ ಕಚೇರಿಯಲ್ಲಿ ಎಲ್ಲರೂ ಒಮ್ಮೆಯಾದರೂ ಬಿದ್ದಿದ್ದ ಹಳ್ಳ ಅದು. ನದಿಯ ಮೇಲಿನ ಹಳೆಯ ಸೇತುವೆಯ ಲೆಕ್ಕವೆಲ್ಲ ಒಂದೇ ಕಡತದಲ್ಲಿತ್ತು. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ. ಒಂದು ಪ್ಯಾರಾ ಮಾತು, ಅದರ ಕೆಳಗೆ ಎರಡು ಗುರುತಿನ ಸಾಲುಗಳ ನಡುವೆ ನಾಲ್ಕಾರು ಸಾಲು ಕೋಡ್, ಮತ್ತೆ ಮಾತು, ಮತ್ತೆ ಕೋಡ್. ಕೋಡಿನ ಮೇಲೆ ಕರ್ಸರ್ ಇಟ್ಟು ಎರಡು ಕೀಲಿ ಒತ್ತಿದರೆ ಕಂಪ್ಯೂಟರು ಆ ತುಂಡನ್ನು ಅಲ್ಲೇ ಓಡಿಸಿ, ಉತ್ತರವನ್ನು ಅದರ ಕೆಳಗೇ ಬರೆಯುತ್ತಿತ್ತು. ಒತ್ತದಿದ್ದರೆ ಹಳೆಯ ಉತ್ತರ ಇವತ್ತಿನದೇ ಎನ್ನುವ ಹಾಗೆ ಗಟ್ಟಿಯಾಗಿ ಕೂತಿರುತ್ತಿತ್ತು.

ಅದನ್ನು ಬರೆದವರು ಮಾಸ್ತರು. ಪಾಠ ಹೇಳಿದವರೇನಲ್ಲ, ಎಂಜಿನಿಯರೇ. ಏನು ಕೇಳಿದರೂ ಮೊದಲಿನಿಂದ ಬಿಡಿಸಿ ಹೇಳುತ್ತಿದ್ದರೆಂದು ಆ ಹೆಸರು ಬಿದ್ದಿತ್ತು. ಅವರು ತೀರಿಕೊಂಡ ಮೇಲೆ ಕಡತ ಅವಳ ಪಾಲಿಗೆ ಬಂತು. ಜೊತೆಗೆ ಸೇತುವೆಯಮ್ಮ ಎಂಬ ಅಡ್ಡಹೆಸರೂ ಬಂತು.

ಸೇತುವೆಯಮ್ಮ ಬೆಳಿಗ್ಗೆ ಬಂದ ಬಿರುಕಿನ ಅಳತೆಗಳನ್ನು ಸೇರಿಸಿ, ಮೇಲಿನಿಂದ ಒಂದೊಂದೇ ತುಂಡು ಓಡಿಸುತ್ತಾ ಬಂದಳು. ಕೊನೆಯದಕ್ಕೆ ಕೀಲಿ ಒತ್ತಿದಾಗ 'ಓಡಾಡಬಹುದು' ಎಂಬ ಪದ ಅಳಿಸಿಹೋಯಿತು. ಅದೇ ಜಾಗದಲ್ಲಿ ಹೊಸ ಸಾಲು ಬಂತು: 'ಮೂರನೇ ಕಂಬ: 1.7 ಪಟ್ಟು. ಮುಚ್ಚಬೇಕು.'

"ಅಯ್ಯೋ ದೇವರೇ! ಇನ್ನೊಂದ್ಸಲ ಒತ್ತು," ಎಂದರು ಸಾಹೇಬರು.

ಒತ್ತಿದಳು. ಕಂಪ್ಯೂಟರಿಗೇನು ದಾಕ್ಷಿಣ್ಯ? ಮತ್ತೆ ಅದೇ ಬರೆಯಿತು.

ಸಾಹೇಬರು ಕುರ್ಚಿ ಎಳೆದುಕೊಂಡು ಕುಳಿತರು. ಕೆಟ್ಟ ಮನುಷ್ಯರಲ್ಲ. ಸೇತುವೆ ಮುಚ್ಚಿದರೆ ಆಚೆ ದಡದ ಸಂತೆ, ಶಾಲೆ, ಹಾಲಿನ ಗಾಡಿ ಎಲ್ಲ ನಿಂತು, ಊರೆಲ್ಲ ತಮ್ಮ ತಲೆಯ ಮೇಲೆ ಬಂದು ಕೂರುತ್ತದೆಂದು ಅವರಿಗೆ ಗೊತ್ತಿತ್ತು. ಅವಳ ತಲೆಯಲ್ಲಿ ಇದ್ದದ್ದು ಮಾತ್ರ ಒಂದೇ. ಅಮ್ಮ ಇರುವುದು ಆಚೆ ದಡದಲ್ಲಿ, ಅಣ್ಣನ ಮನೆಯಲ್ಲಿ. ಡಯಾಲಿಸಿಸ್ ಮಾಡುವ ಆಸ್ಪತ್ರೆ ಈಚೆ ದಡದಲ್ಲಿ. ನಾಳೆ ಬೆಳಿಗ್ಗೆ ಅಮ್ಮನ ಸರದಿ. ಮೇಲಿನ ಅಣೆಕಟ್ಟೆ ಸುತ್ತಿ ಬರಲು ಅರ್ಧ ದಿನ ಬೇಕು. ಹಿಂದೊಮ್ಮೆ ಹಾಗೆ ಬಂದಾಗ ಅಮ್ಮ ದಾರಿಯಲ್ಲೇ ಎಚ್ಚರ ತಪ್ಪಿದ್ದಳು.

ಅಣ್ಣನಿಗೆ ಫೋನು ಮಾಡಿದಳು.

"ಮುಚ್ತೀರಾ? ಇದೊಳ್ಳೆ ಕಥೆ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಕಂಬ ಬಿರುಕು ಬಿಟ್ರೆ ಶಿಕ್ಷೆ ಅಮ್ಮನಿಗಾ?" ಎಂದು ಅವನು ಕೂಗಾಡಿದ. ಆಮೇಲೆ ದನಿ ತಗ್ಗಿಸಿದ. "ಇನ್ನೊಂದ್ಸಲ ಆ ಸುತ್ತು ದಾರೀಲಿ ಕರ್ಕೊಂಡ್ ಬಂದ್ರೆ ಅವಳು ಉಳಿಯಲ್ಲ ಕಣೇ. ಏನಾದ್ರೂ ಮಾಡೇ. ನಿನ್ನ ಕೈಲೇ ಇದೆಯಲ್ಲ."

ಕೈಯಲ್ಲೇ ಇತ್ತು, ನಿಜ. ಕೊನೆಯ ತುಂಡಿನಲ್ಲಿ ಒಂದು ಸಾಲಿತ್ತು: ಕನಿಷ್ಠ = 2. ಸೇತುವೆ ತನ್ನ ಮೇಲೆ ಬೀಳುವ ಭಾರದ ಎರಡು ಪಟ್ಟನ್ನಾದರೂ ತಡೆಯಬೇಕು ಎಂದು ಅದರ ಅರ್ಥ. ಸಾದಾ ಕಡತ, ಬೀಗವಿಲ್ಲ, ಯಾರು ಬೇಕಾದರೂ ತಿದ್ದಬಹುದು. ಅವಳು ಎರಡನ್ನು ಅಳಿಸಿ 1.6 ಎಂದು ಬರೆದು ಕೀಲಿ ಒತ್ತಿದಳು.

'ಓಡಾಡಬಹುದು.'

ಸಾಹೇಬರು ಉಸಿರು ಬಿಟ್ಟರು. "ಒಂದ್ ತಿಂಗಳ ಮಾತಮ್ಮ. ಅಷ್ಟರಲ್ಲಿ ರಿಪೇರಿ ಮಾಡಿಸೋಣ."

"ಕಾರಣ ಬರೀಬೇಕಲ್ಲ ಸಾರ್."

ಅದು ಮಾಸ್ತರು ಮಾಡಿಟ್ಟು ಹೋದ ಪದ್ಧತಿ. ಕೋಡಿನಲ್ಲಿ ಒಂದು ಅಂಕಿ ಬದಲಾಯಿಸಿದರೂ ಅದರ ಮೇಲಿನ ಪ್ಯಾರಾದಲ್ಲಿ ಯಾಕೆ ಎಂದು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಬರೆದು ಹೆಸರು ಹಾಕಬೇಕು. ಈಗ ಅಲ್ಲಿ ಅವರದೇ ಮಾತಿತ್ತು: 'ಎರಡೇ ಯಾಕೆ? ನಾವು ಅಳೆಯುವುದು ಕಣ್ಣಿಗೆ ಕಾಣುವ ಬಿರುಕನ್ನು. ಒಳಗಿನ ಕಬ್ಬಿಣಕ್ಕೆ ತುಕ್ಕು ಎಷ್ಟು ಹಿಡಿದಿದೆಯೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕಾಗಿ ಇಷ್ಟು ಬಿಟ್ಟಿದ್ದೇನೆ.'

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಬರೆದ್ರಾಯ್ತು. ಇತ್ತ ಕೊಡು," ಎಂದು ಸಾಹೇಬರು ಕೀಲಿಮಣೆ ಎಳೆದುಕೊಂಡರು. 'ಸಾರ್ವಜನಿಕರ ಹಿತದೃಷ್ಟಿಯಿಂದ' ಎಂದು ಟೈಪು ಮಾಡಿದರು. ಮಾಸ್ತರ ಸಾಲಿನ ಕೆಳಗೆ ಅದನ್ನು ತಾವೇ ಓದಿಕೊಂಡರು. ಒಂದೊಂದಾಗಿ ಅಕ್ಷರ ಅಳಿಸಿ, ಕೀಲಿಮಣೆಯನ್ನು ಅವಳ ಕಡೆಗೆ ತಳ್ಳಿದರು. "ನನ್ನಿಂದಾಗಲ್ಲಮ್ಮ. ನೀನೇ ಬರಿ."

ಅವಳು ಬರೆದಳು. 'ತುಕ್ಕು ಹಿಡಿದಿರಲಾರದು' ಎಂದು ಬರೆದಳು, ನೋಡಿದವರು ಯಾರು? ಅಳಿಸಿದಳು. 'ವಾಹನಗಳು ಕಡಿಮೆ' ಎಂದಳು. ಸುಳ್ಳು, ನಾಳೆ ಸಂತೆ. ಕೊನೆಗೆ 'ನನ್ನ ಅಮ್ಮ ಆಚೆ ದಡದಲ್ಲಿದ್ದಾಳೆ' ಎಂದು ಬರೆದಳು. ಇದೊಂದು ಮಾತ್ರ ನಿಜವಾಗಿತ್ತು. ಬೆಳಿಗ್ಗೆ ಶಾಲೆಯ ಬಸ್ಸುಗಳು ಒಂದರ ಹಿಂದೊಂದು ಮೂರನೇ ಕಂಬದ ಮೇಲೆ ಹೋಗುವುದನ್ನು ಅವಳು ದಿನವೂ ಈ ಕಿಟಕಿಯಿಂದ ನೋಡುತ್ತಿದ್ದಳು. ಅಮ್ಮನ ಮೇಲೆ, ಅಣ್ಣನ ಮೇಲೆ, ಸತ್ತ ಮಾಸ್ತರ ಮೇಲೂ ಒಟ್ಟಿಗೇ ಸಿಟ್ಟು ಬಂತು. ಮೂಗು ಒರೆಸಿಕೊಂಡು ಆ ಸಾಲನ್ನು ಅಳಿಸಿದಳು, 1.6ನ್ನು ಅಳಿಸಿ ಮತ್ತೆ ಎರಡು ಹಾಕಿದಳು, ಓಡಿಸಿದಳು.

"ಮುಚ್ಚೋಣ ಸಾರ್."

ಸಾಹೇಬರು ಸಹಿ ಹಾಕಿದರು. ಸಂಜೆಯ ಹೊತ್ತಿಗೆ ಎರಡೂ ಕಡೆ ಅಡ್ಡಗಂಬ ಬಿದ್ದು, ಸೇತುವೆ ಖಾಲಿಯಾಯಿತು.

ಅವಳು ಮನೆಗೆ ಹೋಗಲಿಲ್ಲ. ಕಡತದ ಕೊನೆಗೆ ಹೋಗಿ ಒಂದು ಹೊಸ ಪ್ಯಾರಾ ಬರೆದಳು: 'ನಾಳೆ ನನ್ನ ತಾಯಿ ಆಸ್ಪತ್ರೆಗೆ ಹೋಗಲೇಬೇಕು. ಅವರನ್ನು ಕರೆತರುವ ವ್ಯಾನು ದಾಟುವಂತಿಲ್ಲ. ಸೇತುವೆಯ ಮೇಲೆ ಬೇರೆ ಏನೂ ಇಲ್ಲದಾಗ ಒಂದು ಗಾಲಿಕುರ್ಚಿ, ಕೂತವರೊಬ್ಬರು, ತಳ್ಳುವವರೊಬ್ಬರು ದಾಟಬಹುದೇ?' ಹೆಸರು ಹಾಕಿದಳು. ಕೆಳಗೆ ಕೋಡ್ ಬರೆದು, ಕನಿಷ್ಠವನ್ನು ಎರಡೇ ಇಟ್ಟು, ಅಷ್ಟು ಸಾಲದೆಂಬಂತೆ ಅಮ್ಮನ ತೂಕವನ್ನೂ ದುಪ್ಪಟ್ಟು ಮಾಡಿ, ಕೀಲಿ ಒತ್ತಿದಳು.

'ದಾಟಬಹುದು.'

ಹೊರಡಲು ಚೀಲ ಹೆಗಲಿಗೇರಿಸಿದ್ದ ಸಾಹೇಬರು ನಿಂತುಕೊಂಡೇ ಎಲ್ಲ ಓದಿದರು. ಚೀಲ ಇಳಿಸಿ, ಅವಳ ಪ್ಯಾರಾದ ಕೆಳಗೆ ತಾವೂ ಒಂದು ಸಾಲು ಸೇರಿಸಿದರು: 'ಆಸ್ಪತ್ರೆಗೆ ಹೋಗುವ ಎಲ್ಲರಿಗೂ ಇದೇ ಲೆಕ್ಕ. ಒಬ್ಬರಾದ ಮೇಲೆ ಒಬ್ಬರು.' ತಮ್ಮ ಹೆಸರು ಹಾಕಿದರು.

ಅಣ್ಣನಿಗೆ ರಾತ್ರಿಯೇ ಫೋನಿನಲ್ಲಿ ಲೆಕ್ಕವನ್ನೆಲ್ಲ ತಿಳಿಸಿ, ಬೆಳಿಗ್ಗೆ ಅವಳು ಖಾಲಿ ಸೇತುವೆ ದಾಟಿ ಆಚೆ ದಡಕ್ಕೆ ಹೋದಳು. ಅಣ್ಣ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಅಡ್ಡಗಂಬದ ಬಳಿ ನಿಂತಿದ್ದ. ತಂಗಿಯ ಮುಖ ನೋಡಲಿಲ್ಲ. ಕುರ್ಚಿಯ ಹಿಡಿಯನ್ನು ಮಾತ್ರ ಅವಳ ಕೈಗೆ ಕೊಟ್ಟ.

ಗಾಳಿ ಬೀಸುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅಮ್ಮ ಕೇಳಿದಳು. "ನನ್ನ ತೂಕ ಎಷ್ಟು ಅಂತ ಬರ್ದೆ?"

"ಇರೋದಕ್ಕಿಂತ ಎರಡರಷ್ಟು."

"ಅಬ್ಬಾ! ಮೂಳೆ ಚಕ್ಕಳ ಆಗಿದ್ದೀನಿ, ನನ್ನನ್ನ ಇಬ್ಬರು ಮಾಡ್ಬಿಟ್ಟೆಯಾ?"

"ಹೂಂ. ಇಬ್ಬರನ್ನೂ ದಾಟಿಸ್ತಿದ್ದೀನಿ, ಅಲ್ಲಾಡದೆ ಕೂತ್ಕೋ."

"ಬಿರುಕು ಬಿಟ್ಟಿರೋ ಕಂಬ ಯಾವುದೇ?"

"ಮುಂದಿರೋದು."

ಮೂರನೇ ಕಂಬ ಹತ್ತಿರ ಬಂದಾಗ ಅಮ್ಮ ಪಾದ ಊರಿದ್ದ ಪಟ್ಟಿಯಿಂದ ಎರಡೂ ಕಾಲುಗಳನ್ನು ಮೆಲ್ಲಗೆ ಮೇಲಕ್ಕೆತ್ತಿ ಹಿಡಿದಳು. ನೀರು ತುಂಬಿ ಊದಿಕೊಂಡ ಕಾಲುಗಳು ನಡುಗುತ್ತಿದ್ದವು. ಕಂಬ ಹಿಂದೆ ಉಳಿಯುವವರೆಗೂ ಅವಳು ಅವನ್ನು ಕೆಳಗಿಡಲಿಲ್ಲ.