ಎಲ್ಲರೂ ಹೊರಗಿದ್ದಾರೆ

ವಿಮಾನ ರಿಪೇರಿಯ ಶೆಡ್ಡಿಗೆ ಒಂದೇ ಬಸ್ಸು. ಬೆಳಗಿನ ಪಾಳಿಯವರನ್ನು ಇಳಿಸಿ, ರಾತ್ರಿ ಪಾಳಿಯವರನ್ನು ತುಂಬಿಕೊಂಡು ಹೊರಟುಬಿಡುತ್ತದೆ. ಡ್ರೈವರ್ ಯಾರಿಗೂ ಕಾಯುವವನಲ್ಲ. ಹಾಗಾಗಿ ವಿಮಾನದ ಪಕ್ಕ ನಿಂತು ಒಪ್ಪಿಸಬೇಕಾದ ಕೆಲಸವನ್ನು ಬಸ್ಸಿನ ಮೆಟ್ಟಿಲ ಮೇಲೆ ಒಪ್ಪಿಸುತ್ತಿದ್ದರು. ಇಳಿಯುವವನು ಕೇಳುತ್ತಾನೆ, ಹತ್ತುವವನು ಹೇಳುತ್ತಾನೆ.

ಸೀಟಿಗಾಗಿ ಚೀಲಗಳು ಮೊದಲೇ ಹೋಗುತ್ತಿದ್ದವು. ಶೆಡ್ಡು ಗುಡಿಸುವವನು ಅವನ್ನೆಲ್ಲ ಹೊತ್ತು ಕಿಟಕಿಯಿಂದ ತೂರಿಸುತ್ತಿದ್ದ. ನನ್ನ ಗಂಡನಿಗೆ ಕಿಟಕಿಯ ಪಕ್ಕವೇ ಬೇಕು. ಗಾಜಿಗೆ ತಲೆ ಆನಿಸಿದರೆ ನಮ್ಮ ಬೀದಿ ಬರುವವರೆಗೆ ಎಚ್ಚರವಿಲ್ಲ.

ಆ ದಿನ ವಿಮಾನದ ಚಕ್ರ ಮಡಚಿಕೊಳ್ಳುವ ಗೂಡಿನಲ್ಲಿ ಅವನ ಕೆಲಸ ಮುಗಿದಿತ್ತು. ಗೂಡಿನ ಬಾಗಿಲು ಮುಚ್ಚದಂತೆ ತಡೆಯುವ ಪಿನ್ ತೆಗೆದ, ಚೀಲ ಕಳಿಸಿದ. ಆಮೇಲೆ ಟಾರ್ಚು ಒಳಗೇ ಉಳಿದದ್ದು ನೆನಪಾಗಿ ಹಿಂದಿರುಗಿದ. ಹೊಸ ಪಾಳಿಯವರು ಬಂದು, ಟೆಸ್ಟಿಗೆಂದು ಆ ಬಾಗಿಲನ್ನು ಆಡಿಸುವ ಪಂಪು ಹಾಕಿದರು. ಬಾಗಿಲು ಮುಚ್ಚಿಕೊಂಡಿತು.

ಪಿನ್ ಹಾಕದೆ ಒಳಗೆ ಹೋದದ್ದು ಸತ್ತವನದೇ ತಪ್ಪು ಎಂದು ಎಲ್ಲರೂ ಹೇಳತೊಡಗಿದರು. ವಿಚಾರಣೆಗೆ ಮುಂಚೆ ಅವನ ಜೊತೆಗಾರ ಮನೆಗೆ ಬಂದ. ಒಂದು ದಿನವೂ ಬಸ್ಸು ತಪ್ಪಿಸಿಕೊಳ್ಳದ ಈ ಜೊತೆಗಾರನನ್ನು ಶೆಡ್ಡಿನಲ್ಲಿ ಗಡಿಯಾರ ಎಂದೇ ಕರೆಯುತ್ತಿದ್ದರು.

"ಕೂತ್ಕೊಳಪ್ಪ," ಅಂದರು ಅತ್ತೆ. "ನನ್ನ ಮಗ ತಾನಾಗೇ ಹೋಗಿ ಸಿಕ್ಕಾಕ್ಕೊಂಡ ಅಂತಾರಲ್ಲ, ನಿಜಾನಾ?"

ಗಡಿಯಾರ ಕುರ್ಚಿಯ ಅಂಚಿನಲ್ಲಿ ಕೂತ. ನನ್ನ ಕಡೆ ತಿರುಗಿದ.

"ಮೆಟ್ಟಿಲ ಮೇಲೆ ಆ ಪಾಳಿಯವರು ಕೇಳಿದ್ರು ಅತ್ತಿಗೆ, ಒಳಗೆ ಯಾರಾದ್ರೂ ಇದಾರಾ ಅಂತ. ನಾನು ಬಸ್ಸಿನೊಳಗೆ ತಿರುಗಿ ನೋಡ್ದೆ. ಅವನ ಸೀಟಲ್ಲಿ ಚೀಲ ಇತ್ತು. ನಮ್ಮಲ್ಲಿ ಚೀಲ ಬಂತು ಅಂದ್ರೆ ಆಳು ಬಂದ ಅಂತಾನೇ ಲೆಕ್ಕ. ಎಲ್ರೂ ಹೊರಗಿದಾರೆ, ಟೆಸ್ಟ್ ಮಾಡ್ಕೊಳ್ಳಿ ಅಂದುಬಿಟ್ಟೆ."

"ಅವನಿಲ್ಲ ಅಂತ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

"ಗೇಟು ದಾಟಿದ ಮೇಲೆ. ಬಸ್ಸು ತಪ್ಪಿಸ್ಕೊಂಡ ಅಂತ ಎಲ್ಲಾ ನಕ್ರು. ಇವತ್ತು ಮಹಾರಾಜರು ನಡ್ಕೊಂಡೇ ಬರ್ಲಿ ಅಂತ ನಾನೇ ಅಂದೆ."

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಇದನ್ನೇ ಅಲ್ಲಿ ಹೇಳು."

"ಲೈಸೆನ್ಸ್ ಹೋಗುತ್ತಮ್ಮ. ಮತ್ತೆಲ್ಲೂ ಸೇರಿಸ್ಕೊಳಲ್ಲ. ಅವನಿಗಾದ್ರೆ ಇನ್ನು ಯಾರು ಏನಂದ್ರೂ..."

"ಅವನಿಗೇನೂ ಆಗಲ್ಲ," ಅಂದರು ಅತ್ತೆ. "ನಾನು ಬದುಕಿದೀನಲ್ಲಪ್ಪ. ಹಾಲಿನ ಅಂಗಡಿಯವನೂ ಕೇಳ್ತಾನೆ, ನಿಮ್ಮ ಮಗ ಅಷ್ಟು ಅಜಾಗರೂಕನಾಗಿದ್ನಾ ಅಂತ. ಅವನಿಗೇನಂತ ಹೇಳ್ಲಿ?"

ನಾನು ತಂದಿಟ್ಟ ಚಹಾವನ್ನು ಗಡಿಯಾರ ಮುಟ್ಟಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ತೀರಾ ತಣ್ಣಗಿನ ಎ.ಸಿ. ಗಡಿಯಾರ ಹೇಳುವುದಿಲ್ಲ ಎಂದುಕೊಂಡಿದ್ದೆ. ಹೇಳಿದ. ನಮ್ಮ ಮನೆಯಲ್ಲಿ ಹೇಳಿದ ಮಾತುಗಳನ್ನೇ, ಅದೇ ಕ್ರಮದಲ್ಲಿ, ನಕ್ಕದ್ದನ್ನೂ ಬಿಡದೆ. ಹಿರಿಯ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಕುಟುಂಬದವರು ಏನಾದರೂ ಕೇಳುವುದಿದೆಯೇ ಎಂದರು.

"ಬಸ್ಸು ಯಾಕೆ ಕಾಯೋದಿಲ್ಲ?" ಎಂದೆ.

"ಸಾರಿಗೆ ವಿಭಾಗ ನಮ್ಮ ವ್ಯಾಪ್ತಿಗೆ ಬರಲ್ಲಮ್ಮ."

"ಎದುರುಬದುರು ನಿಂತು ಕೆಲಸ ಒಪ್ಪಿಸೋಕೆ ಪಾಳಿಗಳ ನಡುವೆ ಹೊತ್ತೇ ಇಲ್ಲವಲ್ಲ. ಅದು ಯಾರ ವ್ಯಾಪ್ತಿ?"

ಅವರು ತಲೆಯಾಡಿಸಿದರು. ಹೌದೆಂದೋ, ಸಾಕೆಂದೋ ತಿಳಿಯಲಿಲ್ಲ. ಮಧ್ಯಾಹ್ನ ಮತ್ತೆ ಒಳಗೆ ಕರೆದು ತೀರ್ಮಾನ ಓದಿದರು. ಮಾನವ ದೋಷ. ಪಿನ್ ಇಲ್ಲದೆ ಒಳಹೊಕ್ಕ ಮೃತನದು ಒಂದು. ತಪ್ಪು ಮಾಹಿತಿ ಕೊಟ್ಟ ಸಹೋದ್ಯೋಗಿಯದು ಇನ್ನೊಂದು. ಪಂಪು ಹಾಕುವ ಮುಂಚೆ ಗೂಡಿನೊಳಗೆ ಒಮ್ಮೆ ಇಣುಕದವರ ಬಗ್ಗೆ ಒಂದು ಮಾತಿಲ್ಲ. ಬಸ್ಸಿನ ಬಗ್ಗೆಯೂ ಇಲ್ಲ.

ಹೊರಗೆ ಬೆಂಚಿನ ಮೇಲೆ ಅತ್ತೆ ಕಾಯುತ್ತಿದ್ದರು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಗಡಿಯಾರನ ಹೆಂಡತಿ.

"ತೆಗೆದ್ರಾ ಅವನ ಹೆಸರು?" ಎಂದು ಅತ್ತೆ ಕೇಳಿದರು.

"ಇಲ್ಲ. ಪಕ್ಕದಲ್ಲಿ ಇನ್ನೊಂದು ಸೇರಿಸಿದ್ರು."

ಗಡಿಯಾರನ ಹೆಂಡತಿ ಎದ್ದು ನಿಂತಳು. ಅವಳ ದನಿ ಏರಲಿಲ್ಲ. "ಈಗ ಸಮಾಧಾನ ಆಯ್ತಾ ಅಕ್ಕ?"

ಅತ್ತೆಯೇ ಹೇಳಿದರು. "ಇಲ್ಲಮ್ಮ. ನಿಂಗೂ ಇನ್ಮೇಲೆ ಇರಲ್ಲ."

ಇದ್ದದ್ದು ಒಂದೇ ಲಿಫ್ಟು. ನಾವು ಮೂವರು ಹೆಂಗಸರೂ ಅದರಲ್ಲೇ ಇಳಿದೆವು.