ಸ್ತ್ರಾಟೆಗೊಸ್‌ನ ಜಾಗ

ಮಣ್ಣು ಮಾಡಿ ಬಂದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ. ನೆಂಟರೆಲ್ಲ ಹೊರಟುಹೋಗಿದ್ದರು. ಕಸದ ಟ್ರಕ್ ಬಂದು ಹೋಯಿತು. ಒಬ್ಬಳಿಗಾಗುವಷ್ಟು ಕಾಫಿ ಮಾಡಿಕೊಂಡು ಫೋನ್ ನೋಡಿದೆ. ನನ್ನ ಗಂಡ ಕಲ್ಮೇಶನ ಗೆಳೆಯ ಕಾಮ್ರಾನ್ ಮೆಸೇಜ್ ಹಾಕಿದ್ದ.

"ಅರ್ಜೆಂಟ್ ಏನಿಲ್ಲ ಭಾಭಿ. ಆ ಬೈಜಾಂಟೈನ್ ಬಾಕ್ಸ್ ಯಾವಾಗಾದ್ರೂ ಪಿಕಪ್ ಮಾಡ್ತೀನಿ. ಅದರಲ್ಲಿರೋ ಜನರಲ್ ನಮ್ಮ ಅಬ್ಬಾ ಪೇಂಟ್ ಮಾಡಿದ್ದು, ಅದಕ್ಕೆ."

ಡೆಸ್ಕಿನ ಮೇಲಿದ್ದ ಪೆಟ್ಟಿಗೆ ತೆರೆದೆ. ಹೆಬ್ಬೆರಳಿನಷ್ಟು ಎತ್ತರದ ಲೋಹದ ಸೈನಿಕರು, ಹಳೆಯ ಬೈಜಾಂಟೈನ್ ಸಾಮ್ರಾಜ್ಯದವರು. ಪ್ರತಿ ಶನಿವಾರ ಪಕ್ಕದ ಊರು ಶ್ಯಾಂಟಿಲಿಯ ಒಂದು ಅಂಗಡಿಯ ಹಿಂಬದಿಯಲ್ಲಿ ಇವರನ್ನು ಮೇಜಿನ ಮೇಲೆ ಹರಡಿಕೊಂಡು ಕಲ್ಮೇಶ, ಕಾಮ್ರಾನ್ ಇಬ್ಬರೂ ಯುದ್ಧದ ಆಟ ಆಡುತ್ತಿದ್ದರು. ಹತ್ತು ಜನಕ್ಕೊಬ್ಬ ದೆಕಾರ್ಕ್, ನೂರು ಜನಕ್ಕೊಬ್ಬ ಕೆಂಟಾರ್ಕ್; ಅವರ ಮೇಲೆ ಕೋಮೆಸ್, ದ್ರುಂಗಾರಿಯೊಸ್, ತುರ್ಮಾರ್ಕ್; ಎಲ್ಲರ ಮೇಲೆ ಸ್ತ್ರಾಟೆಗೊಸ್, ಅಂದರೆ ಜನರಲ್. ಕಲ್ಮೇಶ ಊಟಕ್ಕೆ ಕೂತಾಗಲೂ ಹೇಳುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ.

ಅದರಲ್ಲಿದ್ದ ಸ್ತ್ರಾಟೆಗೊಸ್‌ನನ್ನು ನೋಡಿಕೊಂಡು ತಾನೂ ಒಬ್ಬನಿಗೆ ಬಣ್ಣ ಹಚ್ಚಬೇಕೆಂದು ಕಲ್ಮೇಶ ಪೆಟ್ಟಿಗೆಯನ್ನು ಕಾಮ್ರಾನ್‌ನಿಂದ ಎರವಲು ತಂದಿದ್ದ. ಮಣ್ಣಿನ ದಿನ ಡೆಸ್ಕಿನ ಮೇಲೆ ಇಬ್ಬರು ನಿಂತಿದ್ದರು. ಒಬ್ಬನ ಮೇಲಂಗಿಯ ನೀಲಿ ನೆರಿಗೆ ನೆರಿಗೆಯಾಗಿ ಇಳಿದಿತ್ತು. ಇನ್ನೊಬ್ಬನಿಗೆ ಬಣ್ಣ ದಪ್ಪ, ಕಣ್ಣು ಓರೆ. ಚೆಂದದ್ದೇ ಕಲ್ಮೇಶನದ್ದು ಅಂದುಕೊಂಡೆ. ಅವನ ಎಡಗೈಯಲ್ಲಿ ಲಿಂಗವಿಟ್ಟು ವಿಭೂತಿ ಹಚ್ಚಿದ ಮೇಲೆ, ಯಾರಿಗೂ ಕಾಣದಂತೆ ಆ ಚೆಂದದ್ದನ್ನು ಅವನ ಜುಬ್ಬಾದ ಜೇಬಿಗೆ ಹಾಕಿದೆ.

ಮೆಸೇಜ್ ಓದಿದ ಮೇಲೆ ಅನುಮಾನ ಬಂತು: ಚೆಂದದ್ದು ಕಾಮ್ರಾನ್‌ನ ಅಬ್ಬಾದ್ದೇ ಇರಬೇಕು. ಈಗ ಪೆಟ್ಟಿಗೆಯ ಖಾಲಿ ಗುಳಿಯಲ್ಲಿ ಉಳಿದವನನ್ನು ಇಟ್ಟು ನೋಡಿದೆ. ಸರಿಯಾಗಿ ಕೂತ. ಹೀಗೇ ಕೊಟ್ಟುಬಿಡಬಹುದು. ಕೇಳಿದರೆ, ಕಲ್ಮೇಶನೇ ಎಲ್ಲೋ ಕಳೆದಿರಬೇಕು ಅನ್ನಬಹುದು. ಅವನು ಬಂದು ಇಲ್ಲ ಅನ್ನುವುದಿಲ್ಲ.

ಸಂಜೆ ನಾನೇ ಕಾರಿನಲ್ಲಿ ಹೋದೆ. ಕಾಮ್ರಾನ್ ನನ್ನ ಕೈಯಲ್ಲಿದ್ದ ಪೆಟ್ಟಿಗೆಯನ್ನು ಬಾಗಿಲಲ್ಲೇ ತೆರೆದು, ಸ್ತ್ರಾಟೆಗೊಸ್‌ನನ್ನು ಎತ್ತಿ ನಕ್ಕ.

"ಇದು ಕಲ್ಮೇಶನ ಕೈ. ಇಷ್ಟು ದೊಡ್ಡ ಆಫೀಸರ್‌ಗೂ ಮೆಳ್ಳೆಗಣ್ಣು ಇಟ್ಟಿದಾನೆ ನೋಡಿ. ಅಬ್ಬಾದು ಮನೇಲೇ ಉಳೀತಾ?"

ಒಂದೇ ನೋಟಕ್ಕೆ ಗುರುತು ಹಿಡಿದಿದ್ದ.

"ಇಲ್ಲ. ಅವನ ಜೇಬಲ್ಲಿ ಹೋಯ್ತು. ನಾನೇ ಇಟ್ಟೆ. ಅದೇ ಅವನದ್ದು ಅಂದ್ಕೊಂಡೆ."

ಕಾಮ್ರಾನ್ ಕೈಯಲ್ಲಿದ್ದವನನ್ನು ತಿರುಗಿಸಿ ನೋಡಿದ.

"ಅಬ್ಬಾ ಇದ್ದಾಗ ಕಲ್ಮೇಶನಿಗೆ ಬೈತಿದ್ರು, ಗೋಡೆಗೆ ಬಳಿದ ಹಾಗೆ ಬಳೀತೀಯ ಅಂತ." ಆಮೇಲೆ ಆ ಮೆಳ್ಳೆಗಣ್ಣಿನವನನ್ನು ನನ್ನ ಕಡೆ ಚಾಚಿದ. "ನೀವೇ ಇಟ್ಕೊಳ್ಳಿ ಭಾಭಿ. ಜನರಲ್ ಬಿದ್ರೆ ತುರ್ಮಾರ್ಕ್ ಸೈನ್ಯ ನಡೆಸ್ತಾನೆ. ನಮ್ಮ ಗೇಮಲ್ಲಿ ಅದೇ ರೂಲು."

ತೆಗೆದುಕೊಳ್ಳಬೇಕೆನಿಸಿತು. ಕಲ್ಮೇಶ ಕೈಯಾರೆ ಮಾಡಿದ್ದು ಮನೆಯಲ್ಲಿ ಬೇರೇನೂ ಇರಲಿಲ್ಲ. ಆದರೂ ಕಾಮ್ರಾನ್‌ನ ಅಂಗೈಯಿಂದ ಅದನ್ನು ಎತ್ತಿ, ತುರ್ಮಾರ್ಕ್‌ನ ಮುಂದಿದ್ದ ಗುಳಿಯಲ್ಲಿ ಕೂರಿಸಿ, ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಅವನಿಗೆ ಕೊಟ್ಟೆ.